ಜುಡೇಯ ಕಾಪ್ಟ: ಗೆಲುವನ್ನು ಬಿಡಿಗಾಸಿನ ಮೇಲೆ ಬರೆದ ರೋಮ್

ಒಂದು ಬದಿಯಲ್ಲಿ ದಪ್ಪ ಕುತ್ತಿಗೆಯ, ಹಣೆಯಲ್ಲಿ ಸುಕ್ಕು ಮೂಡಿದ ಮುದುಕನೊಬ್ಬನ ತಲೆ. ಅದರ ಮೇಲೆ ಲಾರೆಲ್ ಎಲೆಗಳ ಮಾಲೆ. ಇನ್ನೊಂದು ಬದಿಯಲ್ಲಿ ನಟ್ಟನಡುವೆ ಖರ್ಜೂರದ ಮರ. ಮರದ ಒಂದು ಪಕ್ಕದಲ್ಲಿ ಕೈಗಳನ್ನು ಹಿಂದಕ್ಕೆ ಬಿಗಿಸಿಕೊಂಡು ನಿಂತ ಗಂಡಸು, ಮತ್ತೊಂದು ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ ಹೆಂಗಸು. ಸುತ್ತಲೂ ಎರಡೇ ಪದಗಳು: 'ಜುಡೇಯ ಕಾಪ್ಟ'. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಸೆರೆಸಿಕ್ಕ ಜುಡೇಯ' ಎಂದರ್ಥ. ಕ್ರಿ.ಶ. 71ರಲ್ಲಿ ರೋಮ್ ನಗರದ ಟಂಕಸಾಲೆಯಿಂದ ಹೊರಬಿದ್ದ ಈ ನಾಣ್ಯ ಪ್ರಾಚೀನ ಜಗತ್ತಿನ ಅತಿ ಪ್ರಸಿದ್ಧ ವಿಜಯಸ್ಮಾರಕಗಳಲ್ಲೊಂದು.

ನಾಣ್ಯದ ಮೇಲಿನ ಮುದುಕ ಸಾಮ್ರಾಟ ವೆಸ್ಪೇಸಿಯನ್. ಜೆರುಸಲೇಮನ್ನು ಗೆದ್ದವನು ಅವನ ಮಗ ಟೈಟಸ್. ಆದರೆ ನಾಣ್ಯ ಸಾರುವ 'ವಿಜಯ' ಯಾವ ಬಗೆಯದು ಎಂದು ಕೇಳಿದಾಗಲೇ ಅದರ ನಿಜವಾದ ಕಥೆ ತೆರೆದುಕೊಳ್ಳುತ್ತದೆ. ಜುಡೇಯ ರೋಮನ್ನರಿಗೆ ಹೊಸ ನಾಡಾಗಿರಲಿಲ್ಲ. ಕ್ರಿ.ಪೂ. 63ರಲ್ಲೇ ಸೇನಾನಿ ಪಾಂಪೆ ಜೆರುಸಲೇಮನ್ನು ವಶಪಡಿಸಿಕೊಂಡಿದ್ದ. ಕ್ರಿ.ಶ. 6ರಲ್ಲಿ ಅದು ರೋಮನ್ ಅಧಿಕಾರಿಗಳ ನೇರ ಆಡಳಿತಕ್ಕೆ ಒಳಪಟ್ಟಿತ್ತು. ಅಂದರೆ ತನ್ನದೇ ಪ್ರಾಂತ್ಯದಲ್ಲಿ ಎದ್ದ ಬಂಡಾಯವನ್ನು ಅಡಗಿಸಿದ್ದನ್ನೇ ರೋಮ್ ಪರದೇಶವೊಂದನ್ನು ಗೆದ್ದಂತೆ ಲೋಕಕ್ಕೆ ಸಾರಿತು.

ಹಿತ್ತಾಳೆಯ ದೊಡ್ಡ ಬಿಲ್ಲೆ

ಈ ನಾಣ್ಯಗಳನ್ನು ರೂಢಿಯಲ್ಲಿ 'ಕಂಚಿನ ನಾಣ್ಯ' ಎಂದು ಕರೆಯಲಾಗುತ್ತದೆ. ವಾಸ್ತವದಲ್ಲಿ ಇವುಗಳಲ್ಲಿ ದೊಡ್ಡದಾದ ಸೆಸ್ಟರ್ಶಿಯಸ್ ತಾಮ್ರ ಮತ್ತು ಸತುವಿನ ಮಿಶ್ರಣ, ಅಂದರೆ ಹಿತ್ತಾಳೆ. ಹೊಸದಾಗಿದ್ದಾಗ ಅದು ಬಂಗಾರದಂತೆಯೇ ಹೊಳೆಯುತ್ತಿತ್ತು. ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಹಸಿರು, ಕಪ್ಪು ಬಣ್ಣಗಳು ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದುದರ ಫಲ. ತೂಕ ಸುಮಾರು 25 ಗ್ರಾಂ, ಅಡ್ಡಳತೆ 32ರಿಂದ 36 ಮಿಲಿಮೀಟರ್. ಕಿರಿಯ ನಾಣ್ಯವಾದ 'ಆಸ್' ತಾಮ್ರದ್ದು. ನಾಲ್ಕು ಆಸ್‌ಗೆ ಒಂದು ಸೆಸ್ಟರ್ಶಿಯಸ್, ನಾಲ್ಕು ಸೆಸ್ಟರ್ಶಿಯಸ್‌ಗೆ ಒಂದು ಬೆಳ್ಳಿಯ ಡಿನೇರಿಯಸ್, 25 ಡಿನೇರಿಯಸ್‌ಗೆ ಒಂದು ಚಿನ್ನದ ಆರಿಯಸ್ ಎಂಬುದು ಅಂದಿನ ಲೆಕ್ಕ.

ಪಾಂಪೇಯಿ ನಗರದ ಮದ್ಯದಂಗಡಿಯೊಂದರ ಗೋಡೆಬರಹ ಇಲ್ಲಿ ನೆರವಿಗೆ ಬರುತ್ತದೆ. ಒಂದು ಆಸ್ ಕೊಟ್ಟರೆ ಸಾಧಾರಣ ದ್ರಾಕ್ಷಾರಸ, ಎರಡು ಕೊಟ್ಟರೆ ಉತ್ತಮವಾದದ್ದು, ನಾಲ್ಕು ಕೊಟ್ಟರೆ ಹೆಸರಾಂತ ಫಲೆರ್ನಿಯನ್ ದ್ರಾಕ್ಷಾರಸ ಸಿಗುತ್ತದೆಂದು ಅದು ಗಿರಾಕಿಗಳಿಗೆ ತಿಳಿಸುತ್ತದೆ. ಹೀಗೆ 'ಸೆರೆಸಿಕ್ಕ ಜುಡೇಯ'ದ ಒಂದು ದೊಡ್ಡ ಬಿಲ್ಲೆಯ ಬೆಲೆ ಒಂದು ಲೋಟ ಒಳ್ಳೆಯ ದ್ರಾಕ್ಷಾರಸದಷ್ಟು. ಆ ಕಾಲದ ಕಾಲಾಳು ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಶಿಯಸ್. ಚಿನ್ನದ ನಾಣ್ಯ ಶ್ರೀಮಂತರ ಪೆಟ್ಟಿಗೆ ಸೇರುತ್ತಿತ್ತು. ಹಿತ್ತಾಳೆ, ತಾಮ್ರದ ಬಿಲ್ಲೆಗಳು ರೊಟ್ಟಿಯಂಗಡಿ, ಸ್ನಾನಗೃಹ, ಸಂತೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದವು. ಪತ್ರಿಕೆಯಿಲ್ಲದ ಕಾಲದಲ್ಲಿ ಅರಮನೆಯ ಸುದ್ದಿ ಜನಸಾಮಾನ್ಯರ ಅಂಗೈ ಮುಟ್ಟಲು ಇದಕ್ಕಿಂತ ಹತ್ತಿರದ ದಾರಿ ಇರಲಿಲ್ಲ. ಜುಡೇಯದ ಚಿತ್ರ ಚಿನ್ನ, ಬೆಳ್ಳಿಗಳಲ್ಲೂ ಬಂದಿತು. ಆದರೆ ಮರ, ಸೆರೆಯಾಳು, ಗುರಾಣಿಗಳ ರಾಶಿ ಎಲ್ಲವನ್ನೂ ಬಿಡಿಸಿ ತೋರಿಸುವಷ್ಟು ಜಾಗ ಇದ್ದದ್ದು ಸೆಸ್ಟರ್ಶಿಯಸ್‌ನಲ್ಲಿ ಮಾತ್ರ.

ಚಿತ್ರದ ಕೆಳಗೆ, ಅಥವಾ ಇಕ್ಕೆಲಗಳಲ್ಲಿ, 'ಎಸ್ ಸಿ' ಎಂಬ ಎರಡು ಅಕ್ಷರಗಳಿರುತ್ತವೆ. 'ಸೆನೆಟ್ ಸಭೆಯ ನಿರ್ಣಯದಂತೆ' ಎಂಬುದರ ಸಂಕ್ಷಿಪ್ತ ರೂಪವಿದು. ಮುಂಬದಿಯಲ್ಲಿ ವೆಸ್ಪೇಸಿಯನ್ ಮೂರನೆಯ ಬಾರಿಗೆ ಕಾನ್ಸಲ್ ಆಗಿದ್ದಾನೆ ಎಂಬ ಬರಹವಿದೆ. ಅವನು ಆ ಪದವಿಯನ್ನು ಮೂರನೆಯ ಸಲ ವಹಿಸಿಕೊಂಡದ್ದು 71ರಲ್ಲಿ. ಇಸವಿ ನಮೂದಿಸದ ನಾಣ್ಯದ ಕಾಲವನ್ನು ವಿದ್ವಾಂಸರು ನಿಖರವಾಗಿ ಹೇಳುವುದು ಇಂತಹ ಬಿರುದುಗಳ ಆಧಾರದಿಂದಲೇ.

ಹೊಸ ಅರಸನಿಗೆ ಬೇಕಾಗಿದ್ದ ಗೆಲುವು

ಕ್ರಿ.ಶ. 66ರಲ್ಲಿ ಜುಡೇಯದ ಯೆಹೂದ್ಯರು ರೋಮ್ ವಿರುದ್ಧ ದಂಗೆಯೆದ್ದರು. ಅದನ್ನು ಹತ್ತಿಕ್ಕಲು ಸಾಮ್ರಾಟ ನೀರೋ ಕಳುಹಿಸಿದ ಸೇನಾನಿಯೇ ವೆಸ್ಪೇಸಿಯನ್. ಅವನದು ಹೇಳಿಕೊಳ್ಳುವಂತಹ ಮನೆತನವಲ್ಲ. ತಂದೆ ಸುಂಕ ವಸೂಲಿಯ ಕೆಲಸದಲ್ಲಿದ್ದವನು. 68ರಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡ. ಮುಂದಿನ ವರ್ಷ ಗಾಲ್ಬ, ಓಥೋ, ವಿಟೆಲಿಯಸ್ ಒಬ್ಬರ ಹಿಂದೊಬ್ಬರು ಗದ್ದುಗೆಯೇರಿ ಉರುಳಿದರು. 69ರ ಜುಲೈ 1ರಂದು ಅಲೆಕ್ಸಾಂಡ್ರಿಯದಲ್ಲಿದ್ದ ಪಡೆಗಳು ವೆಸ್ಪೇಸಿಯನ್‌ನನ್ನು ಸಾಮ್ರಾಟನೆಂದು ಘೋಷಿಸಿದವು. ಜುಡೇಯದ ಯುದ್ಧವನ್ನು ಮಗನಿಗೆ ಒಪ್ಪಿಸಿ ಅವನು ಅಧಿಕಾರದತ್ತ ತಿರುಗಿದ. ಅದೇ ಡಿಸೆಂಬರಿನಲ್ಲಿ ಎರಡು ಬಣಗಳ ಕಾಳಗದ ನಡುವೆ ರೋಮ್ ನಗರದ ಕ್ಯಾಪಿಟೊಲಿನ್ ಬೆಟ್ಟದ ಮೇಲಿದ್ದ ಜುಪಿಟರ್ ದೇಗುಲ ಸುಟ್ಟುಹೋಯಿತು.

ಹೊಸ ಸಾಮ್ರಾಟನ ತೊಡಕು ಇಲ್ಲಿಯೇ ಇತ್ತು. ಅವನು ಗೆದ್ದದ್ದು ಅಂತರ್ಯುದ್ಧವನ್ನು, ಸೋಲಿಸಿದ್ದು ರೋಮನ್ನರನ್ನು. ಸ್ವಜನರ ರಕ್ತ ಹರಿಸಿ ಪಡೆದ ಗೆಲುವಿಗೆ ಮೆರವಣಿಗೆ ಮಾಡಿಕೊಳ್ಳುವುದು ರೋಮ್ ಸಂಪ್ರದಾಯಕ್ಕೆ ಹೊಂದುವಂತಹುದಲ್ಲ. ಬೊಕ್ಕಸವೂ ಬರಿದಾಗಿತ್ತು. ರಾಜ್ಯ ಉಳಿಯಬೇಕಾದರೆ ನಾಲ್ಕು ಸಾವಿರ ಕೋಟಿ ಸೆಸ್ಟರ್ಶಿಯಸ್ ಬೇಕೆಂದು ಅವನು ಹೇಳಿದನೆಂದು ಚರಿತ್ರಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನೆ. (ಮೂತ್ರದ ಮೇಲೂ ತೆರಿಗೆ ಹಾಕಿ, ಅಸಹ್ಯಪಟ್ಟುಕೊಂಡ ಮಗನ ಮೂಗಿಗೆ ಆ ಹಣದ ನಾಣ್ಯವನ್ನೇ ಹಿಡಿದು, ವಾಸನೆ ಬರುತ್ತದೆಯೇ ಎಂದು ಕೇಳಿದ ಸಾಮ್ರಾಟ ಇವನೇ.) ಮನೆತನದ ಹಿರಿಮೆಯಿಲ್ಲದವನಿಗೆ ಹೊರಗಿನ ಶತ್ರುವೊಬ್ಬನ ಮೇಲೆ ಸಾಧಿಸಿದ ಗೆಲುವು ತುರ್ತಾಗಿ ಬೇಕಾಗಿತ್ತು. 70ರ ಬೇಸಿಗೆಯ ಕೊನೆಯಲ್ಲಿ ಟೈಟಸ್ ಅದನ್ನು ಒದಗಿಸಿದ. ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಜೆರುಸಲೇಮ್ ಬಿದ್ದಿತು. ಯೆಹೂದ್ಯರ ಮಹಾದೇಗುಲ ಬೆಂಕಿಗೆ ಆಹುತಿಯಾಯಿತು.

ಯುದ್ಧದಲ್ಲಿ ಮೊದಲು ಯೆಹೂದ್ಯರ ಪರವಾಗಿ ಹೋರಾಡಿ, ಬಳಿಕ ರೋಮನ್ನರ ಆಶ್ರಯ ಪಡೆದ ಜೋಸೆಫಸ್ ಈ ಘಟನೆಗಳ ಮುಖ್ಯ ಸಾಕ್ಷಿ. 97,000 ಮಂದಿ ಸೆರೆಯಾದರೆಂದೂ 11 ಲಕ್ಷ ಮಂದಿ ಸತ್ತರೆಂದೂ ಅವನು ಬರೆದಿದ್ದಾನೆ. ಎರಡನೆಯ ಸಂಖ್ಯೆ ಅತಿಶಯವೆಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ. ಆದರೂ ನಾಣ್ಯದ ಮೇಲೆ ಕೈಕಟ್ಟಿಸಿಕೊಂಡು ನಿಂತವನು ಕಲಾವಿದನ ಕಲ್ಪನೆಯಷ್ಟೇ ಅಲ್ಲ ಎಂಬುದನ್ನು ನೆನಪಿಡಲು ಆ ವಿವರ ಸಾಕು. ಸೆರೆಸಿಕ್ಕವರಲ್ಲಿ ಕೆಲವರು ಗಣಿಗಳಿಗೆ, ಕೆಲವರು ಅಖಾಡಗಳ ಸಾವಿನ ಆಟಗಳಿಗೆ, ಉಳಿದವರು ಗುಲಾಮರ ಸಂತೆಗೆ ಹೋದರು.

71ರಲ್ಲಿ ರೋಮ್ ನಗರದಲ್ಲಿ ತಂದೆ ಮಕ್ಕಳ ವಿಜಯಯಾತ್ರೆ ನಡೆಯಿತು. ದೇಗುಲದಿಂದ ತಂದ ಏಳು ಕವಲಿನ ದೀಪಸ್ತಂಭವನ್ನು ಬೀದಿಗಳಲ್ಲಿ ಹೊತ್ತು ಮೆರೆಸಲಾಯಿತು. ಬಂಡಾಯದ ನಾಯಕರಲ್ಲೊಬ್ಬನಾದ ಸೈಮನ್ ಬಾರ್ ಗಿಯೋರನನ್ನು ಮೆರವಣಿಗೆಯ ಕೊನೆಯಲ್ಲಿ ಕೊಲ್ಲಲಾಯಿತು. ತೆವಳುವ ಮೆರವಣಿಗೆಯಿಂದ ಬೇಸತ್ತ ವೆಸ್ಪೇಸಿಯನ್, ಈ ವಯಸ್ಸಿನಲ್ಲಿ ವಿಜಯಯಾತ್ರೆಗೆ ಆಸೆಪಟ್ಟದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಗೊಣಗಿದನಂತೆ. ಅದೇ ವರ್ಷ ಟಂಕಸಾಲೆಯ ಕುಶಲಕರ್ಮಿಗಳು ಕಾದ ಲೋಹದ ಬಿಲ್ಲೆಗಳನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಗಮನಾರ್ಹ ಸಂಗತಿಯೆಂದರೆ, ಯುದ್ಧ ಆಗಿನ್ನೂ ಪೂರ್ತಿಯಾಗಿ ಮುಗಿದಿರಲಿಲ್ಲ. ಮೃತ ಸಮುದ್ರದ ದಡದ ಮಸಾದ ಕೋಟೆ ರೋಮನ್ನರ ಕೈಸೇರಿದ್ದು 73 ಅಥವಾ 74ರಲ್ಲಿ. 'ಜುಡೇಯ ಸೆರೆಯಾಗಿದೆ' ಎಂದು ನಾಣ್ಯ ಸಾರಿದ್ದು ಅದಕ್ಕೂ ಎರಡು ವರ್ಷ ಮೊದಲು.

ಟೈಟಸ್‌ಗಾಗಿ ಸರ್ಕಸ್ ಮ್ಯಾಕ್ಸಿಮಸ್ ಬಯಲಿನಲ್ಲಿ ಕಟ್ಟಿದ್ದ, ಈಗ ಬಿದ್ದುಹೋಗಿರುವ ಇನ್ನೊಂದು ಕಮಾನಿನ ಶಾಸನ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವನಿಗೆ ಮುಂಚೆ ಯಾವ ಸೇನಾನಿಯೂ, ಯಾವ ಅರಸನೂ ಜೆರುಸಲೇಮನ್ನು ಗೆದ್ದಿರಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಮಧ್ಯಯುಗದಲ್ಲಿ ಯಾತ್ರಿಕನೊಬ್ಬ ಮಾಡಿಕೊಂಡ ನಕಲಿನಿಂದಾಗಿ ಆ ಪಾಠ ಉಳಿದಿದೆ. ಇದು ಸುಳ್ಳೆಂದು ರೋಮ್ ನಗರದ ಓದುಬಲ್ಲವರಿಗೆ ತಿಳಿಯದೆ ಇರಲಾರದು. ಪಾಂಪೆಯ ಮಾತು ಹಾಗಿರಲಿ, ಕ್ರಿ.ಪೂ. 37ರಲ್ಲಿ ಹೆರೋದನ ಪರವಾಗಿ ಜೆರುಸಲೇಮನ್ನು ಗೆದ್ದ ಗಾಯಸ್ ಸೋಸಿಯಸ್ ಎಂಬ ಸೇನಾನಿ, ವಿಜಯಸ್ತಂಭದ ಬುಡದಲ್ಲಿ ಗಂಡು, ಹೆಣ್ಣು ಇಬ್ಬರು ಸೆರೆಯಾಳುಗಳು ಕುಳಿತ ಚಿತ್ರವಿರುವ ಕಂಚಿನ ನಾಣ್ಯವನ್ನೇ ಟಂಕಿಸಿದ್ದ.

ಒಂದೇ ಮರ, ಎರಡು ಮಾತು

ಖರ್ಜೂರದ ಮರವನ್ನು ಜುಡೇಯದ ಗುರುತಾಗಿ ಆರಿಸಿಕೊಂಡದ್ದು ಸಹಜವೇ ಆಗಿತ್ತು. ಆ ನಾಡಿನ ಖರ್ಜೂರಕ್ಕೆ ರೋಮ್‌ನಲ್ಲೂ ಹೆಸರಿತ್ತು. ತನ್ನ 'ನಿಸರ್ಗ ಚರಿತ್ರೆ'ಯನ್ನು ಟೈಟಸ್‌ಗೇ ಅರ್ಪಿಸಿದ ಹಿರಿಯ ಪ್ಲಿನಿ ಅದನ್ನು ಪ್ರಸ್ತಾಪಿಸಿದ್ದಾನೆ. (ಮಸಾದದ ಉತ್ಖನನದಲ್ಲಿ ದೊರೆತ, ಸುಮಾರು 2,000 ವರ್ಷ ಹಳೆಯದಾದ ಖರ್ಜೂರದ ಬೀಜವೊಂದನ್ನು ಇಸ್ರೇಲಿನ ವಿಜ್ಞಾನಿಗಳು 2005ರಲ್ಲಿ ಮೊಳೆಯಿಸಿದರು. ಆ ಗಿಡ ಬೆಳೆದು ಮರವಾಗಿದೆ.)

ಆದರೆ ಆ ಮರವನ್ನು ಮೊದಲು ತಮ್ಮದಾಗಿಸಿಕೊಂಡವರು ಬಂಡಾಯಗಾರರೇ. 66ರಿಂದ 70ರವರೆಗೆ ಅವರು ಸ್ವಂತ ನಾಣ್ಯಗಳನ್ನು ಟಂಕಿಸಿದರು. ಬೆಳ್ಳಿಯ ಶೆಕೆಲ್‌ಗಳ ಮೇಲೆ 'ಪವಿತ್ರ ಜೆರುಸಲೇಮ್' ಎಂದೂ, ಚಿಕ್ಕ ಕಂಚಿನ ನಾಣ್ಯಗಳ ಮೇಲೆ 'ಸಿಯೋನಿನ ಸ್ವಾತಂತ್ರ್ಯ' ಎಂದೂ ಹಳೆಯ ಹೀಬ್ರೂ ಲಿಪಿಯಲ್ಲಿ ಬರೆಯಿಸಿದರು. ನಾಲ್ಕನೆಯ ವರ್ಷ, ಸೋಲು ಸಮೀಪಿಸಿದಂತೆ, 'ಸ್ವಾತಂತ್ರ್ಯ' ಹೋಗಿ ಅದರ ಜಾಗದಲ್ಲಿ 'ವಿಮೋಚನೆ' ಎಂಬ ಪದ ಬಂದಿತು. ಆ ವರ್ಷದ ಕಂಚಿನ ನಾಣ್ಯವೊಂದರಲ್ಲಿ ಏಳು ಗರಿಗಳ ಖರ್ಜೂರದ ಮರ, ಅದರ ಇಕ್ಕೆಲಗಳಲ್ಲಿ ಹಣ್ಣು ತುಂಬಿದ ಎರಡು ಬುಟ್ಟಿಗಳಿವೆ. ಎರಡು ವರ್ಷದೊಳಗೆ ರೋಮನ್ ನಾಣ್ಯದಲ್ಲಿ ಬುಟ್ಟಿಗಳಿದ್ದ ಜಾಗದಲ್ಲಿ ಸೆರೆಯಾಳುಗಳು ಬಂದರು. ರೋಮ್‌ನ ಅಚ್ಚು ಕೆತ್ತಿದವನು ಬಂಡಾಯದ ನಾಣ್ಯವನ್ನು ನೋಡಿದ್ದನೇ ಎಂಬುದಕ್ಕೆ ಪುರಾವೆಯಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಾತು ಬೇಡವಾಗುತ್ತದೆ.

ರೋಮನ್ ನಾಣ್ಯದಲ್ಲೂ ಚಿತ್ರ ಒಂದೇ ಬಗೆಯದಲ್ಲ. ಕೆಲವದರಲ್ಲಿ ಸೆರೆಯಾಳಿನ ಬದಲು ಸಾಮ್ರಾಟನೇ ಈಟಿ ಹಿಡಿದು, ಶಿರಸ್ತ್ರಾಣದ ಮೇಲೆ ಕಾಲಿಟ್ಟು ನಿಂತಿದ್ದಾನೆ. ಇನ್ನು ಕೆಲವದರಲ್ಲಿ ರೆಕ್ಕೆಯುಳ್ಳ ವಿಜಯದೇವತೆ ಖರ್ಜೂರದ ಮರಕ್ಕೆ ತೂಗುಹಾಕಿದ ಗುರಾಣಿಯ ಮೇಲೆ ಬರೆಯುತ್ತಿದ್ದಾಳೆ. ಟೈಟಸ್ ಹೆಸರಿನಲ್ಲೂ ನಾಣ್ಯಗಳು ಬಂದವು. ಗಾಲ್ ನಾಡಿನ ಲುಗ್ಡುನಂ, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದ ಟಂಕಸಾಲೆಯೂ ಇದೇ ಸರಣಿಯನ್ನು ಹೊರಡಿಸಿತು. ಜುಡೇಯದ ಸಿಸೇರಿಯದಲ್ಲಿ ಟಂಕಿಸಿದ ನಾಣ್ಯಗಳಲ್ಲಿ ಅದೇ ಸುದ್ದಿ ಗ್ರೀಕ್ ಭಾಷೆಯಲ್ಲಿದೆ. ಏಕೆಂದರೆ ಅದನ್ನು ಓದಬೇಕಾಗಿದ್ದವರು ಸೋತ ನಾಡಿನಲ್ಲೇ ಬದುಕಬೇಕಾಗಿದ್ದವರು.

ಗೆಲುವಿನ ಲಾಭ ನಾಣ್ಯಕ್ಕೇ ಸೀಮಿತವಾಗಲಿಲ್ಲ. ಯೆಹೂದ್ಯರು ತಮ್ಮ ದೇಗುಲಕ್ಕೆ ವರ್ಷವೂ ಸಲ್ಲಿಸುತ್ತಿದ್ದ ಅರ್ಧ ಶೆಕೆಲ್ ಕಾಣಿಕೆಯನ್ನು ವೆಸ್ಪೇಸಿಯನ್ ತೆರಿಗೆಯಾಗಿ ಮಾರ್ಪಡಿಸಿದ. ಅದರ ಹಣ ಹೋದದ್ದು ರೋಮನ್ನರೇ ತಮ್ಮ ಕಾಳಗದಲ್ಲಿ ಸುಟ್ಟುಕೊಂಡಿದ್ದ ಜುಪಿಟರ್ ದೇಗುಲಕ್ಕೆ! ಕ್ರಿ.ಶ. 80ರಲ್ಲಿ ಟೈಟಸ್ ಉದ್ಘಾಟಿಸಿದ ಕೊಲೋಸಿಯಂ ಯುದ್ಧದ ಕೊಳ್ಳೆಯ ಹಣದಿಂದ ಕಟ್ಟಿದ್ದೆಂದು ಅದರ ಮೂಲ ಶಾಸನ ಹೇಳುತ್ತಿತ್ತು. ಕಲ್ಲಿನಲ್ಲಿ ಉಳಿದ ಕಂಚಿನ ಅಕ್ಷರಗಳ ಮೊಳೆಗುಳಿಗಳ ಆಧಾರದಿಂದ ವಿದ್ವಾಂಸ ಗೇಜಾ ಅಲ್ಫೋಲ್ಡಿ 1995ರಲ್ಲಿ ಅದರ ಪಾಠವನ್ನು ಪುನಾರಚಿಸಿದರು. ತೆರಿಗೆ ವಸೂಲಿ ಡೊಮಿಷಿಯನ್ ಕಾಲದಲ್ಲಿ ಕಿರುಕುಳದ ಮಟ್ಟಕ್ಕೆ ಹೋಯಿತು. 96ರಲ್ಲಿ ಪಟ್ಟಕ್ಕೆ ಬಂದ ನೆರ್ವ ಆ ಸಂಬಂಧದ ಸುಳ್ಳು ದೂರುಗಳಿಗೆ ಕೊನೆ ಹಾಡಿದುದಾಗಿ ಸೆಸ್ಟರ್ಶಿಯಸ್ ಮೇಲೆಯೇ ಪ್ರಕಟಿಸಿದ. ಅದರಲ್ಲೂ ಅದೇ ಖರ್ಜೂರದ ಮರ. ಆದರೆ ಬುಡದಲ್ಲಿ ಸೆರೆಯಾಳುಗಳಿಲ್ಲ.

ಮೊಸಳೆಯಿಂದ ಮೆಸೊಪೊಟೇಮಿಯದವರೆಗೆ

ಗೆದ್ದ ನಾಡನ್ನು ಬಿಲ್ಲೆಯ ಮೇಲೆ ಕಟ್ಟಿಹಾಕುವ ಪದ್ಧತಿ ವೆಸ್ಪೇಸಿಯನ್‌ನಿಂದ ಆರಂಭವಾದದ್ದಲ್ಲ. ಅಗಸ್ಟಸ್ ಈಜಿಪ್ಟನ್ನು ಗೆದ್ದಾಗ ನೆಮೌಸಸ್ ಪಟ್ಟಣದ ನಾಣ್ಯಗಳಲ್ಲಿ ಖರ್ಜೂರದ ಮರಕ್ಕೆ ಸರಪಳಿಯಿಂದ ಬಿಗಿದ ಮೊಸಳೆ ಕಾಣಿಸಿಕೊಂಡಿತ್ತು. ಈಗ ನೀಮ್ ಎಂದು ಕರೆಯಲಾಗುವ ಆ ಫ್ರೆಂಚ್ ಪಟ್ಟಣದ ಲಾಂಛನ ಇಂದಿಗೂ ಅದೇ ಮೊಸಳೆ. ವೆಸ್ಪೇಸಿಯನ್‌ನ ಕಿರಿಯ ಮಗ ಡೊಮಿಷಿಯನ್ ತಂದೆಯ ಮಾದರಿಯನ್ನೇ ನಕಲು ಮಾಡಿ 85ರ ಹೊತ್ತಿಗೆ 'ಜರ್ಮೇನಿಯ ಕಾಪ್ಟ' ಹೊರಡಿಸಿದ. ಜರ್ಮನರ ಮೇಲಿನ ಅವನ ವಿಜಯಯಾತ್ರೆಯನ್ನು ಟ್ಯಾಸಿಟಸ್ ಗೇಲಿ ಮಾಡಿದ್ದಾನೆ: ಸೆರೆಯಾಳುಗಳಂತೆ ಕಾಣಲೆಂದು ಸಂತೆಯಲ್ಲಿ ಕೊಂಡ ಗುಲಾಮರಿಗೆ ವೇಷ ಹಾಕಿಸಲಾಗಿತ್ತಂತೆ.

ಟ್ರಾಜನ್ ಡೇಷಿಯವನ್ನು, ಅಂದರೆ ಇಂದಿನ ರೊಮೇನಿಯದ ಭಾಗವನ್ನು, 106ರ ಹೊತ್ತಿಗೆ ನಿಜಕ್ಕೂ ಗೆದ್ದ. ಅದರ ನಾಣ್ಯಗಳು ಹೇರಳವಾಗಿವೆ. ಅವನದೇ 116ರ ಸೆಸ್ಟರ್ಶಿಯಸ್ ಒಂದು ಅರ್ಮೇನಿಯ ಮತ್ತು ಮೆಸೊಪೊಟೇಮಿಯಗಳು ರೋಮನ್ ಜನರ ಅಧೀನವಾದವೆಂದು ಸಾರುತ್ತದೆ. ಸಾಮ್ರಾಟನ ಕಾಲಬಳಿ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಒರಗಿವೆ. ಮರುವರ್ಷ ಟ್ರಾಜನ್ ಸತ್ತ. ಉತ್ತರಾಧಿಕಾರಿ ಹೇಡ್ರಿಯನ್ ಆ ಪ್ರಾಂತ್ಯಗಳನ್ನು ಕೈಬಿಟ್ಟ. ನಾಣ್ಯ ಮಾತ್ರ ಚಲಾವಣೆಯಲ್ಲಿ ಉಳಿಯಿತು.

ಅಳಿಸಿ ಬರೆದವರು

ಹೇಡ್ರಿಯನ್ ಕಾಲದಲ್ಲೇ ಜುಡೇಯ ಮತ್ತೆ ದಂಗೆಯೆದ್ದಿತು. 132ರಿಂದ 135ರವರೆಗೆ ಬಾರ್ ಕೋಖ್ಬ ಎಂದು ಹೆಸರಾದ ಸೈಮನ್ ನೇತೃತ್ವದಲ್ಲಿ ನಡೆದ ಈ ಹೋರಾಟದ ನಾಣ್ಯಗಳು ವಿಶಿಷ್ಟವಾಗಿವೆ. ಬಂಡಾಯಗಾರರು ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳನ್ನೇ ತೆಗೆದುಕೊಂಡು, ಅವುಗಳ ಮೇಲೆ ತಮ್ಮ ಅಚ್ಚನ್ನು ಒತ್ತಿದರು. ದೊಡ್ಡ ಬೆಳ್ಳಿ ನಾಣ್ಯಗಳ ಮೇಲೆ ನಾಶವಾದ ದೇಗುಲದ ಮುಖಭಾಗ ಮೂಡಿತು. ಕಂಚಿನ ನಾಣ್ಯಗಳ ಮೇಲೆ ಮತ್ತೆ ಏಳು ಗರಿಗಳ ಖರ್ಜೂರದ ಮರ. ಬರಹ 'ಇಸ್ರೇಲಿನ ವಿಮೋಚನೆಯ ಮೊದಲ ವರ್ಷ', 'ಜೆರುಸಲೇಮಿನ ಸ್ವಾತಂತ್ರ್ಯಕ್ಕಾಗಿ' ಎಂದು. ಹಳೆಯ ಅಚ್ಚು ಪೂರ್ತಿ ಅಳಿಯದ ಕೆಲವು ನಾಣ್ಯಗಳಲ್ಲಿ ಹೀಬ್ರೂ ಅಕ್ಷರಗಳ ಅಡಿಯಿಂದ ಸಾಮ್ರಾಟನ ಮೂಗು, ಗಲ್ಲ, ಹೆಸರಿನ ಒಂದೆರಡು ಅಕ್ಷರಗಳು ಇಣುಕುತ್ತವೆ.

ಈ ದಂಗೆಯನ್ನೂ ರೋಮ್ ಅಡಗಿಸಿತು. 50 ಕೋಟೆಗಳೂ 985 ಹಳ್ಳಿಗಳೂ ನಾಶವಾದವು, ಕಾಳಗಗಳಲ್ಲಿ 5,80,000 ಮಂದಿ ಹತರಾದರು ಎಂದು ಡಿಯೋ ಕ್ಯಾಸಿಯಸ್ ಹೇಳುತ್ತಾನೆ. ರೋಮನ್ನರ ಕಡೆಯ ನಷ್ಟವೂ ಎಷ್ಟಿತ್ತೆಂದರೆ, ತಾನೂ ಸೈನ್ಯವೂ ಕ್ಷೇಮ ಎಂಬ ವಾಡಿಕೆಯ ಒಕ್ಕಣೆಯನ್ನು ಹೇಡ್ರಿಯನ್ ಸೆನೆಟ್‌ಗೆ ಬರೆದ ಪತ್ರದಲ್ಲಿ ಬಿಟ್ಟುಬಿಟ್ಟನಂತೆ. ಪ್ರಾಂತ್ಯದ ಹೆಸರನ್ನೇ ಸಿರಿಯ ಪ್ಯಾಲೆಸ್ಟೀನ ಎಂದು ಬದಲಿಸಲಾಯಿತು. ಮೊದಲ ಯುದ್ಧಕ್ಕಿಂತ ಕಡಿಮೆಯಲ್ಲದ ಈ ಯುದ್ಧಕ್ಕೆ 'ಜುಡೇಯ ಕಾಪ್ಟ'ದಂತಹ ನಾಣ್ಯ ಬರಲಿಲ್ಲ. ವೆಸ್ಪೇಸಿಯನ್‌ಗೆ ಇದ್ದ ಅಗತ್ಯ ಹೇಡ್ರಿಯನ್‌ಗೆ ಇರಲಿಲ್ಲ; ಹೇಳಿಕೊಳ್ಳಲು ಸಂತೋಷದ ಸುದ್ದಿಯೂ ಉಳಿದಿರಲಿಲ್ಲ.

ಶ್ರೀರಂಗಪಟ್ಟಣದ ಪದಕ

ರೋಮನ್ ನಾಣ್ಯಗಳು ಕರ್ನಾಟಕದಲ್ಲೂ ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಟಿಬೇರಿಯಸ್ ಕಾಲದ ಬೆಳ್ಳಿ ನಾಣ್ಯ ಕಂಡುಬಂದಿತು. ಆದರೆ ಇವು ವೆಸ್ಪೇಸಿಯನ್‌ಗಿಂತ ಹಿಂದಿನವು. ವ್ಯಾಪಾರಿಗಳ ಜತೆ ಕಡಲು ದಾಟಿ ಬಂದದ್ದು ಲೋಹದ ಬೆಲೆಯಿಂದಲೇ ಚಲಾವಣೆಯಾಗುವ ಬೆಳ್ಳಿ, ಬಂಗಾರ. ಹಿತ್ತಾಳೆಯ ಸೆಸ್ಟರ್ಶಿಯಸ್‌ಗೆ ರೋಮ್ ಆಳ್ವಿಕೆಯ ಗಡಿಯಾಚೆ ಬೆಲೆಯಿರಲಿಲ್ಲ.

ನಾಣ್ಯ ಬರದಿದ್ದರೂ ಆ ಪರಂಪರೆಯ ಕೂಸೊಂದು ಬೇರೆ ದಾರಿಯಿಂದ ಈ ನೆಲಕ್ಕೆ ಬಂದಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹತನಾದ ಮೇಲೆ ಈಸ್ಟ್ ಇಂಡಿಯಾ ಕಂಪನಿ ವಿಜಯಪದಕವೊಂದನ್ನು ಮಾಡಿಸಿತು. ಬರ್ಮಿಂಗ್‌ಹ್ಯಾಂ ಬಳಿಯ ಸೋಹೋ ಟಂಕಸಾಲೆಯಲ್ಲಿ ಕೂಖ್ಲರ್ ಎಂಬ ಕಲಾವಿದ ಅದರ ಅಚ್ಚು ಕೆತ್ತಿದ. ಹುದ್ದೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರಗಳಲ್ಲಿ ಪದಕ ಹಂಚಿಕೆಯಾಯಿತು. ಒಂದು ಬದಿಯಲ್ಲಿ ಕೋಟೆಗೆ ಲಗ್ಗೆ. ಇನ್ನೊಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿ ನಿಂತಿದೆ. ಮೇಲಿನ ಬಾವುಟದಲ್ಲಿ 'ದೇವರ ವಿಜಯಶಾಲಿ ಸಿಂಹ' ಎಂಬ ಅರ್ಥದ ಅರಬ್ಬಿ ಬರಹ. ಅದೇ ಬರಹವನ್ನು ಹುಲಿಮುಖದ ಆಕಾರದಲ್ಲಿ ತನ್ನ ಆಯುಧಗಳ ಮೇಲೆ ಬರೆಸುತ್ತಿದ್ದವನು ಟಿಪ್ಪು.

ಜುಡೇಯ ಕಾಪ್ಟ ನಾಣ್ಯಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಎಂದೂ ತಗ್ಗಿಲ್ಲ. ಅದೇ ಕಾರಣಕ್ಕೆ ನಕಲಿಗಳೂ ಧಾರಾಳ. ಇಸ್ರೇಲ್ ಸರಕಾರ ತನ್ನ ಹತ್ತನೆಯ ವರ್ಷಾಚರಣೆಯ ಸಂದರ್ಭದಲ್ಲಿ, 1958ರಲ್ಲಿ, ಒಂದು ಬದಿಗೆ ಈ ರೋಮನ್ ಚಿತ್ರವನ್ನೇ ಇಟ್ಟು ಇನ್ನೊಂದು ಬದಿಗೆ 'ಬಿಡುಗಡೆಯಾದ ಇಸ್ರೇಲ್' ಎಂದು ಲ್ಯಾಟಿನ್ನಿನಲ್ಲೇ ಬರೆಸಿದ ಪದಕವನ್ನು ಹೊರತಂದಿತು. ಆ ದೇಶದಲ್ಲಿ 1995ರಿಂದ ಬಳಕೆಯಲ್ಲಿರುವ 10 ಶೆಕೆಲ್ ನಾಣ್ಯದ ಮೇಲಿರುವುದು ಮಾತ್ರ ಬಂಡಾಯದ ನಾಲ್ಕನೆಯ ವರ್ಷದ ಮರ: ಏಳು ಗರಿ, ಎರಡು ಬುಟ್ಟಿ.